ಕೂತರೆ ಮೂರು ಸಾವಿರ, ಓದಿದರೆ ಸಾಲ

ಕುಷ್ಟಗಿಯಲ್ಲಿ ಪಂಕ್ಚರ್ ಅಂಗಡಿ ನಡೆಸುವ ಓರ್ವ ತಂದೆ ಕಳೆದ ಪ್ರವೇಶಾತಿಯ ದಿನಗಳಲ್ಲಿ ನಮ್ಮನ್ನು ಭೇಟಿಯಾಗಿದ್ದರು. ಮಗಳು ಬಿ.ಎ. ಮುಗಿಸಿದ್ದಾಳೆ. ಪ್ರಥಮ ದರ್ಜೆ. ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂಬುದು ಆಕೆಯ ಹಂಬಲ. ಓದಿಸಬಾರದೆಂಬ ಹಟ ತಂದೆಗೂ ಇರಲಿಲ್ಲ. ಆದರೆ ಅವರು ಕೈಬೆರಳು ಮಡಚುತ್ತಾ ನಮ್ಮ ಮುಂದಿಟ್ಟ ಲೆಕ್ಕಕ್ಕೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ.

“ಹಜರತ್, ಮನ್ಯಾಗ ಕುಂತ್ರ ಸರಕಾರ ತಿಂಗಳಾ ಮೂರು ಸಾವಿರ ಕೊಡ್ತೈತಿ. ಎಂ.ಎ.ಗೆ ಹಚ್ಚಿದ್ರ ಆ ಮೂರು ಸಾವಿರಾನೂ ಹೋಗ್ತೈತಿ, ಮ್ಯಾಲ ನಾನು ಐದಾರು ಸಾವಿರ ಕೊಡಬೇಕು. ಬಡವ ಯಾವುದು ಮಾಡಬೇಕು, ನೀವ ಹೇಳ್ರಿ.”

ಈ ಮಾತನ್ನು ಅವಿದ್ಯಾವಂತನ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯ ನಿಯಮ ಹೇಳುವುದೂ ಇದನ್ನೇ. 2022-23ನೇ ಸಾಲಿನಿಂದ ಈಚೆಗೆ ಪದವಿ ಮುಗಿಸಿ, ಆರು ತಿಂಗಳು ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ.; ಡಿಪ್ಲೊಮಾ ಮಾಡಿದವರಿಗೆ 1,500 ರೂ.; ಗರಿಷ್ಠ ಎರಡು ವರ್ಷ. ಆದರೆ ಪದವಿಯ ಬಳಿಕ ವ್ಯಾಸಂಗ ಮುಂದುವರಿಸಿದವರು ಅರ್ಹರಲ್ಲ. ತಾನು ಉದ್ಯೋಗದಲ್ಲಿಲ್ಲ, ಓದುತ್ತಲೂ ಇಲ್ಲವೆಂದು ಫಲಾನುಭವಿಯು ಸ್ವಯಂ ಘೋಷಣೆ ಕೊಡುತ್ತಿರಬೇಕು. ಎರಡು ವರ್ಷಕ್ಕೆ ಕೂಡಿಸಿದರೆ 72,000 ರೂ. ಆಗುತ್ತದೆ. ಎಂ.ಎ.ಯ ಅವಧಿಯೂ ಎರಡೇ ವರ್ಷ. ಅಂದರೆ ಓರ್ವ ಬಡ ಪದವೀಧರೆ ಸ್ನಾತಕೋತ್ತರ ತರಗತಿಯ ಬಾಗಿಲು ತಟ್ಟಿದ ದಿನವೇ 72,000 ರೂಪಾಯಿಯನ್ನು ಬಿಟ್ಟುಕೊಡಬೇಕು.

ನಿರುದ್ಯೋಗಿಗೆ ನೆರವಾಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕೆಲಸವಿಲ್ಲದ ಯುವಕನ ಜೇಬಿಗೆ ಮೂರು ಸಾವಿರ ಬಿದ್ದರೆ ಆತನ ಮರ್ಯಾದೆ ಉಳಿಯುತ್ತದೆ. ನಮ್ಮ ತಕರಾರು ಇಷ್ಟೇ. ಓದು ನಿಲ್ಲಿಸಿದವನಿಗೆ ನಗದು, ಓದುತ್ತೇನೆ ಎಂದವನಿಗೆ ಸಾಲದ ಅರ್ಜಿ ಎಂಬ ಈ ನೀತಿ ಎಲ್ಲಿಂದ ಬಂತು? ಅಧಿಕಾರಿಗಳನ್ನು ಕೇಳಿದರೆ ಸಿದ್ಧ ಉತ್ತರವೊಂದಿದೆ: ಅದು ನಿರುದ್ಯೋಗ ಭತ್ಯೆ, ಓದುವವರಿಗೆ ಬೇರೆಯೇ ವಿದ್ಯಾರ್ಥಿವೇತನಗಳಿವೆ. ಸರಿ, ಆ ಬೇರೆ ವಿದ್ಯಾರ್ಥಿವೇತನಗಳ ಕಥೆಯನ್ನೇ ನೋಡೋಣ.

2005ರ ಮಾರ್ಚಿನಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜೀಂದರ್ ಸಾಚಾರ್ ಸಮಿತಿಯ ವರದಿಯನ್ನು 2006ರ ನವೆಂಬರ್ 30ರಂದು ಸಂಸತ್ತಿನಲ್ಲಿ ಮಂಡಿಸಲಾಯಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಹಂತದ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಹಂತದ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಆ ವರದಿ ಹೇಳಿತು. ಓದು ಮೇಲೇರಿದಂತೆ ನಾವು ಅರ್ಧಕ್ಕೆ ಅರ್ಧ ಕರಗಿ ಹೋಗುತ್ತಿದ್ದೇವೆ ಎಂದು ಅದರರ್ಥ. ಆನಂತರದ ವರ್ಷಗಳಲ್ಲಿ ಕೇಂದ್ರ ಸರಕಾರ ಅಲ್ಪಸಂಖ್ಯಾತರಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಮೆರಿಟ್ ಕಮ್ ಮೀನ್ಸ್ ಮತ್ತು ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಗಳನ್ನು ಆರಂಭಿಸಿತು. 2009ರಲ್ಲಿ ಎಂ.ಫಿಲ್. ಮತ್ತು ಪಿಎಚ್.ಡಿ. ಮಾಡುವವರಿಗೆ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಂಬ ಹೆಸರು ದೊಡ್ಡದು. ಮೊತ್ತ ಎಷ್ಟೆಂದು ಗೊತ್ತೇ? ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗೆ ಬೋಧನಾ ಶುಲ್ಕವೆಂದು ವರ್ಷಕ್ಕೆ ಗರಿಷ್ಠ 3,000 ರೂ.; ನಿರ್ವಹಣೆಗೆಂದು ಮನೆಯಿಂದ ಓಡಾಡುವವರಿಗೆ ತಿಂಗಳಿಗೆ 300 ರೂ., ಹಾಸ್ಟೆಲಿನವರಿಗೆ 570 ರೂ. ಇದನ್ನು ಪಡೆಯಲು ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ದಾಟಬಾರದು. ಮುನ್ನೂರು ರೂಪಾಯಿಯೆಂದರೆ ದಿನಕ್ಕೆ ಹತ್ತು ರೂಪಾಯಿ, ಹೋಟೆಲಿನಲ್ಲಿ ಒಂದು ಲೋಟ ಚಹಾದ ಬೆಲೆ. ಆ ಚಹಾದ ಹಣಕ್ಕಾಗಿ ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕ್ ಖಾತೆ, ಕಾಲೇಜಿನ ಪರಿಶೀಲನೆ, ಜಿಲ್ಲೆಯ ಪರಿಶೀಲನೆ. ನಾವು ಮದ್ರಸದ ಓದು ಮುಗಿಸಿ ಬಿ.ಎ.ಗೆ ಸೇರಿದ್ದಾಗ ಒಂದು ವರ್ಷದ ವಿದ್ಯಾರ್ಥಿವೇತನವು ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಖಾತೆಗೆ ಬಿದ್ದಿತ್ತು. ಪುಸ್ತಕವನ್ನು ಆ ಹೊತ್ತಿಗೆ ಗೆಳೆಯನಿಗೆ ಹಿಂದಿರುಗಿಸಿಯಾಗಿತ್ತು. ಆದರೂ ಆ ಹಣ ನಮ್ಮದಾಗಿತ್ತು. ಯಾರ ಮುಂದೆಯೂ ಕೈಚಾಚದೆ ಪಡೆದದ್ದಾಗಿತ್ತು.

ಆ ಚಹಾದ ಹಣವೂ ಇಲ್ಲವಾದದ್ದು ಹೇಗೆ? 2023ರ ಆಗಸ್ಟಿನಲ್ಲಿ ಹೊರಬಿದ್ದ ವರದಿಗಳ ಪ್ರಕಾರ, ಕೇಂದ್ರ ಅಲ್ಪಸಂಖ್ಯಾತ ಸಚಿವಾಲಯವು ತನಿಖೆಗೊಳಪಡಿಸಿದ 1,572 ಸಂಸ್ಥೆಗಳ ಪೈಕಿ 830 ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂತು. ನಷ್ಟದ ಅಂದಾಜು 144 ಕೋಟಿಗೂ ಹೆಚ್ಚು. ಪ್ರಕರಣ ಸಿಬಿಐಗೆ ಹೋಯಿತು. ಕಳ್ಳರನ್ನು ಹಿಡಿಯಲೇಬೇಕು. ಅವರಲ್ಲಿ ನಮ್ಮವರೂ ಇದ್ದರೆ ಮೊದಲು ಅವರನ್ನೇ ಹಿಡಿಯಬೇಕು. ಅನಾಥರ ಅನ್ನಕ್ಕೆ ಕೈಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಮನೆಗೆ ಕಳ್ಳ ನುಗ್ಗಿದನೆಂದು ಮಕ್ಕಳಿಗೆ ಊಟ ನಿಲ್ಲಿಸುವ ಯಜಮಾನನನ್ನು ಯಾರಾದರೂ ಕಂಡಿದ್ದೀರಾ? 2022-23ರ ಬಳಿಕ ಯೋಜನೆಗಳು ಅನುಮೋದನೆಯ ಕಡತದೊಳಗೆ ಸಿಲುಕಿದವು, 2023-24ಕ್ಕೆ ಹೊಸ ಅರ್ಜಿಗಳನ್ನು ಕರೆಯಲಿಲ್ಲ. ಯಲಬುರ್ಗಾದ ಹುಡುಗ ಕಂಪ್ಯೂಟರ್ ಅಂಗಡಿಗೆ ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಮರಳಿದ.

ಇನ್ನು ಮೌಲಾನಾ ಆಝಾದ್ ಫೆಲೋಶಿಪ್. ಅದರ ಮೊತ್ತ ಚಹಾದ ಹಣವಾಗಿರಲಿಲ್ಲ. ಮೊದಲೆರಡು ವರ್ಷ ತಿಂಗಳಿಗೆ 31,000 ರೂ., ಅನಂತರ 35,000 ರೂ. ಒಬ್ಬ ಬಡವ ಮನೆಯ ಚಿಂತೆ ಬಿಟ್ಟು ಐದು ವರ್ಷ ಗ್ರಂಥಾಲಯದಲ್ಲಿ ಕೂರಬಹುದಾದ ಮೊತ್ತವದು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾದರು, 738.85 ಕೋಟಿ ರೂ. ವಿತರಣೆಯಾಯಿತು ಎಂದು ಅಂದಿನ ಸಚಿವೆ ಸ್ಮೃತಿ ಇರಾನಿಯವರೇ 2022ರ ಡಿಸೆಂಬರ್ 8ರಂದು ಲೋಕಸಭೆಗೆ ತಿಳಿಸಿದರು. ಅದೇ ಉತ್ತರದಲ್ಲಿ, 2022-23ರಿಂದ ಈ ಫೆಲೋಶಿಪ್ ಇರುವುದಿಲ್ಲವೆಂದೂ ತಿಳಿಸಿದರು. ಕಾರಣ? ಇದು ಇತರ ಫೆಲೋಶಿಪ್‌ಗಳೊಂದಿಗೆ ಅತಿವ್ಯಾಪ್ತಿಯಾಗುತ್ತದೆಯಂತೆ. ಒಬ್ಬನೇ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಫೆಲೋಶಿಪ್ ಪಡೆಯಲು ನಿಯಮದಲ್ಲೇ ಅವಕಾಶವಿರಲಿಲ್ಲ. ಹಾಗಿರುವಾಗ ಅತಿವ್ಯಾಪ್ತಿ ಎಲ್ಲಿಂದ ಬಂತು? ಈಗಾಗಲೇ ಆಯ್ಕೆಯಾಗಿ ಸಂಶೋಧನೆಯ ನಡುವಿನಲ್ಲಿದ್ದವರ ಹಣವೂ 2025ರಲ್ಲಿ ತಿಂಗಳುಗಟ್ಟಲೆ ತಡೆಯಿತು. ವಿದೇಶದಲ್ಲಿ ಓದುವವರ ಶಿಕ್ಷಣ ಸಾಲದ ಬಡ್ಡಿಯನ್ನು ಭರಿಸುತ್ತಿದ್ದ ‘ಪಢೋ ಪರದೇಶ್’ ಯೋಜನೆಯೂ 2022-23ರಿಂದಲೇ ನಿಂತಿತು. 2024ರಲ್ಲಿ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನೇ ಮುಚ್ಚಲು ಆದೇಶವಾಯಿತು. ಭಾರತದ ಮೊದಲ ಶಿಕ್ಷಣ ಸಚಿವರ ಹೆಸರು ಯಾವ ಯಾವ ಬಾಗಿಲ ಮೇಲಿತ್ತೋ ಆ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿರುವ ಓರ್ವ ಯುವಕನನ್ನು ನಾವು ಬಲ್ಲೆವು. ತಂದೆ ಅದೇ ಗಿರಣಿಯಲ್ಲಿ ಹಮಾಲಿ. ತುಂಗಭದ್ರೆಯ ಆಚೆ ದಂಡೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಈ ಸೀಮೆಯ ದರ್ಗಾಗಳ ಸುತ್ತ ಬೆಳೆದ ಜನಪದ ಹಾಡುಗಳ ಬಗ್ಗೆ ಅಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ಆತನಿಗಿತ್ತು. ಫೆಲೋಶಿಪ್ ನಿಂತ ಸುದ್ದಿ ಬಂದಾಗ ಆತ ಹೇಳಿದ್ದು ಇಷ್ಟು: “ಹೊಳಿ ದಾಟಾಕ ರೊಕ್ಕ ಬೇಕಲ್ರಿ ಹಜರತ್.” ಆತ ಈಗಲೂ ಚೀಲಗಳ ಲೆಕ್ಕ ಬರೆಯುತ್ತಿದ್ದಾನೆ. ಗಿರಣಿಯ ಲೆಕ್ಕ ಬರೆಯುವುದು ಕೀಳು ಕೆಲಸವಲ್ಲ. ಆದರೆ ನಮ್ಮ ನೆಲದ ಹಾಡುಗಳ ಲೆಕ್ಕ ಬರೆಯುವವರು ಯಾರು?

2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯನ್ನು ಇಲ್ಲಿ ನೆನಪಿಸಬೇಕು. ಹಿಂದಿನ ವರ್ಷ 21 ಲಕ್ಷದಷ್ಟಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 19.22 ಲಕ್ಷಕ್ಕೆ ಕುಸಿದಿತ್ತು. ಉನ್ನತ ಶಿಕ್ಷಣದಲ್ಲಿರುವ ಒಟ್ಟು ವಿದ್ಯಾರ್ಥಿಗಳಲ್ಲಿ ನಮ್ಮ ಪಾಲು ಶೇ. 4.6. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಸಂಖ್ಯೆ ಅದೇ ವರ್ಷ ಏರಿತ್ತು, ಅದು ಸಂತೋಷದ ವಿಷಯ. ಕೋವಿಡ್ ಎಲ್ಲರಿಗೂ ಬಂದಿತ್ತು. ಇಳಿದವರು ನಾವು. ಹೀಗೆ ಇಳಿಯುತ್ತಿರುವವರ ಕೈಯಿಂದ ಏಣಿಯನ್ನು ಕಸಿದುಕೊಂಡದ್ದು 2022ರಲ್ಲಿ.

ಆ ವರ್ಷ ನಾವೇನು ಮಾಡುತ್ತಿದ್ದೆವು? ವರ್ಷಾರಂಭದಿಂದಲೇ ಹಿಜಾಬಿನ ವಿವಾದವಿತ್ತು. ಅದು ನ್ಯಾಯವಾದ ಹೋರಾಟ, ನಾವೂ ಅದರ ಪರವಾಗಿ ಬರೆದಿದ್ದೇವೆ. ಆದರೆ ಕಾಲೇಜಿನ ಬಾಗಿಲಲ್ಲಿ ತಡೆದಾಗ ಕುದಿದ ರಕ್ತ, ಕಾಲೇಜಿಗೆ ಹೋಗುವ ದಾರಿಯನ್ನೇ ಅಗೆದಾಗ ತಣ್ಣಗಿದ್ದದ್ದೇಕೆ? ದಿಲ್ಲಿಯಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಫೆಲೋಶಿಪ್‌ಗಾಗಿ ಒಂದು ಮನವಿ ಪತ್ರ ಸಲ್ಲಿಕೆಯಾದದ್ದನ್ನು ನಾವು ಕಂಡಿಲ್ಲ. ಇಜ್ತಿಮಾದ ಪೆಂಡಾಲಿಗೆ, ಮೆರವಣಿಗೆಯ ಪರವಾನಗಿಗೆ ಅದೇ ಕಚೇರಿಯ ಮೆಟ್ಟಿಲು ಸವೆಯುವಷ್ಟು ಓಡಾಡಿದವರು ನಾವೇ.

ರಾಜ್ಯ ಸರಕಾರ ಏನೂ ಕೊಡುತ್ತಿಲ್ಲವೆಂದರೆ ಅನ್ಯಾಯವಾದೀತು. ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ನಿಲಯದಲ್ಲಿ ಜಾಗ ಸಿಗದವರಿಗೆ ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳು ಎಂದು ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಆರಂಭವಾದ ವಿದ್ಯಾಸಿರಿ ಅನೇಕ ಮಕ್ಕಳ ಹೊಟ್ಟೆ ತುಂಬಿಸಿದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಕುಷ್ಟಗಿಯ ಹುಡುಗಿ ಕೊಪ್ಪಳದವರೆಗೆ ಟಿಕೆಟಿನ ಹಣವಿಲ್ಲದೆ ಹೋಗಿಬರಬಲ್ಲಳು. ಈ ಯೋಜನೆಯನ್ನು ಗೇಲಿ ಮಾಡುವವರು ಒಮ್ಮೆ ಬೆಳಗಿನ ಬಸ್ಸಿನಲ್ಲಿ ಬುರ್ಖಾ ಧರಿಸಿ ಪುಸ್ತಕ ತೆರೆದು ಕುಳಿತ ಹುಡುಗಿಯರನ್ನು ನೋಡಬೇಕು. ಆದರೆ ವಿದ್ಯಾಸಿರಿಯ ಮೊತ್ತ ಯುವನಿಧಿಯ ಅರ್ಧ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಓದುವವನ ಹಸಿವು ಓದದವನ ಹಸಿವಿಗಿಂತ ಅರ್ಧವೆಂದು ಯಾವ ವೈದ್ಯರು ಹೇಳಿದರೋ ತಿಳಿಯದು.

ಉಳಿದದ್ದು ಸಾಲ. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನು ನಮ್ಮ ಓದುಗರಲ್ಲಿ ಬಹಳಷ್ಟು ಮಂದಿ ಬಲ್ಲರು. ಶೇ. 2ರ ಸೇವಾ ಶುಲ್ಕದಲ್ಲಿ ಸಿಕ್ಕಿದ ಆ ಸಾಲದಿಂದ ಎಷ್ಟೋ ಮನೆಗಳಲ್ಲಿ ವೈದ್ಯರು, ಇಂಜಿನಿಯರುಗಳು ಹುಟ್ಟಿದ್ದಾರೆ. ಅದಕ್ಕಾಗಿ ನಿಗಮಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಅದರ ಮುಖವಿರುವುದು ಸಿಇಟಿ, ನೀಟ್ ದಾಟಿ ವೃತ್ತಿಪರ ಸೀಟು ಪಡೆದವರ ಕಡೆಗೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಮೂರನೆಯವರ ಜಾಮೀನೂ ಬೇಡ. ಕಾಗದದಲ್ಲಿ ಹೀಗಿದೆ. ಶಾಖೆಗೆ ಹೋದರೆ “ಎಂ.ಎ. ಮಾಡಿ ಏನ್ ಮಾಡ್ತೀಯಪ್ಪಾ?” ಎಂಬ ಪ್ರಶ್ನೆ ಎದುರಾಗುತ್ತದೆ. ಓದುವ ಅವಧಿಯ ಬಡ್ಡಿಯನ್ನು ಭರಿಸಲು ಕೇಂದ್ರ 2009ರಲ್ಲಿ ತಂದ ಸಹಾಯಧನ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗಷ್ಟೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿರುವ 860 ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಮಾತ್ರ ಜಾಮೀನಿಲ್ಲದ ಆ ಸಾಲ. ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದು ಯಾವ ಕಾಲಕ್ಕೆ? ಉತ್ತಮ ಸಂಸ್ಥೆಗೆ ತಲುಪಿದವನಿಗೆ ಇನ್ನಷ್ಟು ನೆರವು, ತಲುಪಲಾರದವನಿಗೆ ಶುಭ ಹಾರೈಕೆ.

ಅಷ್ಟಕ್ಕೂ ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಾಡುವವನಿಗೆ ಸಾಲವೆಂಬುದೇ ಹೊಂದದ ಉಡುಪು. ಇಂಜಿನಿಯರ್ ಆದವನು ಕೆಲಸ ಸಿಕ್ಕ ಮರುತಿಂಗಳಿನಿಂದ ಕಂತು ಕಟ್ಟಬಹುದು. ಎಂ.ಎ. ಮುಗಿಸಿದವನು ಆನಂತರ ಬಿ.ಇಡಿ. ಮಾಡಬೇಕು, ಅಥವಾ ನೆಟ್, ಕೆಸೆಟ್ ಬರೆಯಬೇಕು, ಸರಕಾರ ಹುದ್ದೆಗಳಿಗೆ ಅರ್ಜಿ ಕರೆಯುವವರೆಗೆ ಅತಿಥಿ ಉಪನ್ಯಾಸಕನಾಗಿ ಸವೆಯಬೇಕು. ಆ ಅವಧಿಯುದ್ದಕ್ಕೂ ಸಾಲ ಬೆಳೆಯುತ್ತಿರುತ್ತದೆ. ಆದ್ದರಿಂದಲೇ ನಮ್ಮ ಯುವಕರು ಪೂರ್ಣಾವಧಿಯ ಓದನ್ನು ಬಿಟ್ಟು ದೂರಶಿಕ್ಷಣದ ಕಡೆ ತಿರುಗುತ್ತಾರೆ. ಹಗಲು ಅಂಗಡಿ, ರಾತ್ರಿ ಗೈಡು. ದೂರಶಿಕ್ಷಣವನ್ನು ನಾವು ಹೀಗಳೆಯುವುದಿಲ್ಲ, ಆದರೆ ಅಧ್ಯಾಪಕರ ಎದುರು ಕುಳಿತು, ಗ್ರಂಥಾಲಯದ ಕಪಾಟುಗಳ ನಡುವೆ ಅಲೆದು, ಸಹಪಾಠಿಯೊಂದಿಗೆ ವಾದಿಸಿ ಕಲಿಯುವ ಎರಡು ವರ್ಷಗಳು ಶ್ರೀಮಂತರ ಮಕ್ಕಳಿಗಷ್ಟೇ ಮೀಸಲಾದರೆ, ನಾಳೆ ಪಠ್ಯಪುಸ್ತಕ ಬರೆಯುವವರು ಯಾರ ಮಕ್ಕಳಾಗಿರುತ್ತಾರೆ?

‘ಎಂ.ಎ. ಮಾಡಿ ಏನು ಮಾಡ್ತೀಯಾ’ ಎಂದು ನಗುವವರಿಗೆ ನಾಲ್ಕು ತಾಲೂಕುಗಳ ಪರಿಸ್ಥಿತಿಯಿಂದಲೇ ಉತ್ತರ ಹೇಳಬೇಕು. ಕೊಪ್ಪಳ ಮತ್ತು ಯಲಬುರ್ಗಾ ಒಂದು ಕಾಲಕ್ಕೆ ಸಾಲಾರ್ ಜಂಗ್ ನವಾಬರ ಜಹಗೀರು. ನಿಜಾಮರ ಆಳ್ವಿಕೆಯ ಈ ಅಂಚು ಅಂದೂ ಹಿಂದೆ, ಏಕೀಕರಣದ ಬಳಿಕವೂ ಹಿಂದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕುಷ್ಟಗಿ ಮತ್ತು ಯಲಬುರ್ಗಾಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಕೊಪ್ಪಳ ಜಿಲ್ಲೆಯದ್ದು ಶೇ. 68.09. ಈ ಅನ್ಯಾಯಕ್ಕೆ ಪರಿಹಾರವೆಂದೇ 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಸ್ಥಳೀಯರಿಗೆ ಹುದ್ದೆಗಳಲ್ಲಿ, ಸೀಟುಗಳಲ್ಲಿ ಮೀಸಲು ದೊರೆಯಿತು. ಪಿಯು ಕಾಲೇಜಿನ ಉಪನ್ಯಾಸಕನಾಗಲು ಸ್ನಾತಕೋತ್ತರ ಪದವಿ ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕನಾಗಲು ಅದರ ಮೇಲೆ ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಬೇಕು. ಮೀಸಲಾತಿ ಬಾಗಿಲನ್ನು ತೆರೆಯಬಲ್ಲದು. ಒಳಗೆ ಹೋಗಲು ಎಂ.ಎ. ಮಾಡಿದವನಿರಬೇಕಲ್ಲ? 2023ರ ಮಾರ್ಚಿನಲ್ಲಿ ಅಂದಿನ ರಾಜ್ಯ ಸರಕಾರ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು ಕಿತ್ತುಕೊಳ್ಳಲು ಹೊರಟಾಗ ನಾವು ಸುಪ್ರೀಮ್ ಕೋರ್ಟಿನವರೆಗೆ ಹೋದೆವು. ಹೋಗಬೇಕಾದದ್ದೇ. ಆ ಶೇ. 4ರಲ್ಲಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಲು ಈ ನಾಲ್ಕು ತಾಲೂಕುಗಳಿಂದ ಎಷ್ಟು ಮಂದಿಯನ್ನು ನಾವು ಸಿದ್ಧಪಡಿಸಿದ್ದೇವೆ ಎಂಬುದನ್ನು ಯಾರೂ ಕೇಳಲಿಲ್ಲ.

ಓದಲು ಸ್ಥಳವಾದರೂ ಹತ್ತಿರ ಬಂದಿತ್ತು. ಬಳ್ಳಾರಿಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಗಳು ಕೊಪ್ಪಳ, ಯಲಬುರ್ಗಾಗಳಿಗೆ ಬಂದವು. 2023ರ ಮಾರ್ಚಿನಲ್ಲಿ ಹಳೆಯ ಯಲಬುರ್ಗಾ ತಾಲೂಕಿನ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೇ ಹುಟ್ಟಿತು. 2025ರ ಫೆಬ್ರವರಿಯಲ್ಲಿ, ಹೊಸ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದ ಬಂದಾಗ ಆ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು. ಹಣವಿಲ್ಲ, ಕಟ್ಟಡವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ನೀಡಿದ ಕಾರಣ. ಮಗುವಿಗೆ ಹಾಲು ಕೊಡದೆ, ಬೆಳೆಯುತ್ತಿಲ್ಲವೆಂದು ದೂರುವ ರೀತಿಯಿದು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯೊಳಗಿನ ಮಾತನ್ನು ಹೇಳದಿದ್ದರೆ ಈ ಲೇಖನ ಅರ್ಧ ಸತ್ಯವಾಗುತ್ತದೆ.

ಅರಿವು ಸಾಲದ ಅರ್ಜಿ ಹಾಕಿರೆಂದು ಸಲಹೆ ಕೊಟ್ಟಾಗ ಹಲವು ಮನೆಗಳಲ್ಲಿ ನಮಗೆ ಸಿಕ್ಕ ಉತ್ತರ ‘ಅದು ಬಡ್ಡಿ, ಹರಾಮ್’ ಎಂಬುದು. ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಸಾಲ ಕೊಟ್ಟವನ ನಿಜವಾದ ಆಡಳಿತ ವೆಚ್ಚಕ್ಕೆ ಮೀರದ ಸೇವಾ ಶುಲ್ಕವನ್ನು ಮಾತ್ರ 1986ರಲ್ಲಿ ಅಮ್ಮಾನ್‌ನಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಅನುಮತಿಸಿದೆ. ಅರಿವಿನ ಶೇ. 2 ಆ ಮಿತಿಯೊಳಗೆ ಬರುತ್ತದೆಯೇ ಎಂಬುದನ್ನು ತಮ್ಮ ವಿಶ್ವಾಸದ ವಿದ್ವಾಂಸರಲ್ಲಿ ಕೇಳಿಕೊಳ್ಳುವುದು ಪ್ರತಿಯೊಬ್ಬರ ಹಕ್ಕು. ಸಂದೇಹವಿದ್ದು ದೂರ ಉಳಿದವರನ್ನು ನಾವು ಗೌರವಿಸುತ್ತೇವೆ.

ಆದರೆ ಅದೇ ಮನೆಯ ತಾಯಿ ಮೂರು ಸಂಘಗಳಲ್ಲಿ ಸಾಲ ಪಡೆದಿರುತ್ತಾಳೆ. ವಾರದ ಕಂತಿಗೆ ಹಣವಿಲ್ಲದ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾಳೆ. ಈ ಕಿರುಸಾಲದ ಕಿರುಕುಳ ಎಷ್ಟು ವಿಪರೀತಕ್ಕೆ ಹೋಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಾವು ವಿಚಾರಿಸಿದ ಮನೆಗಳಲ್ಲಿ ಆ ಸಾಲ ಹೋದದ್ದೆಲ್ಲಿಗೆ? ಹಿರಿಯ ಮಗಳ ಮದುವೆಗೆ. ಜೋಡೆಯ ಹಣಕ್ಕೆ, ಶಾದಿ ಮಹಲಿನ ಬಾಡಿಗೆಗೆ, ಬಿರಿಯಾನಿಯ ದೇಗುಗಳಿಗೆ. ಮದುವೆಗೆ ಬಂದಾಗ ಬಡ್ಡಿ ‘ಮಜಬೂರಿ’ಯಾಗುತ್ತದೆ; ಮಗಳು ಪುಸ್ತಕ ಕೇಳಿದಾಗ ಅದೇ ಬಡ್ಡಿ ಹರಾಮ್ ಆಗುತ್ತದೆ! ಇದು ಧರ್ಮನಿಷ್ಠೆಯೇ, ಅಥವಾ ಮಗಳನ್ನು ಓದಿಸದಿರಲು ಧರ್ಮದ ಹೆಸರಿನಲ್ಲಿ ಹುಡುಕಿಕೊಂಡ ನೆಪವೇ?

ನಮ್ಮ ನಾಯಕರೂ ಇದೇ ಮನೆಯಿಂದ ಬಂದವರು. 2013ರಲ್ಲಿ ರಾಜ್ಯ ಸರಕಾರ ಅಲ್ಪಸಂಖ್ಯಾತ ವಧುವಿಗೆ 50,000 ರೂ. ಕೊಡುವ ‘ಬಿದಾಯಿ’ ಯೋಜನೆ ತಂದಾಗ ಸನ್ಮಾನಗಳು ನಡೆದವು, ಹಾರಗಳು ಬಿದ್ದವು. ಶಾದಿ ಮಹಲುಗಳಿಗೆ ಅನುದಾನ ತಂದವರ ಭಾವಚಿತ್ರಗಳು ಫ್ಲೆಕ್ಸುಗಳಲ್ಲಿ ರಾರಾಜಿಸಿದವು. 2025-26ರ ಬಜೆಟ್‌ನಲ್ಲೂ ಸರಳ ವಿವಾಹದ ಪ್ರತಿ ಜೋಡಿಗೆ 50,000 ರೂ. ಎಂಬ ಘೋಷಣೆಯಾಯಿತು. ಸರಳ ವಿವಾಹ ಒಳ್ಳೆಯದೇ. ಆದರೆ ಸರಕಾರದ ಮುಂದೆ ನಿಂತಾಗಲೆಲ್ಲ ನಮ್ಮ ಬಾಯಿಂದ ಬರುವ ಬೇಡಿಕೆ ಮದುವೆಯದ್ದೇ ಏಕೆ? ಮಗಳನ್ನು ಬೀಳ್ಕೊಡಲು ಐವತ್ತು ಸಾವಿರ ಕೇಳಿದ ಸಮುದಾಯವು, ಅವಳನ್ನು ವಿಶ್ವವಿದ್ಯಾಲಯಕ್ಕೆ ಬೀಳ್ಕೊಡಲು ಐವತ್ತು ಸಾವಿರ ಕೇಳಿದ್ದಿದೆಯೇ?

ಇನ್ನು ಝಕಾತ್. ಕುರ್‌ಆನ್ ಝಕಾತಿನ ಎಂಟು ಹಕ್ಕುದಾರರನ್ನು ಹೆಸರಿಸಿದೆ. ಅವರಲ್ಲಿ ಬಡವನಿದ್ದಾನೆ, ಸಾಲದ ಹೊರೆ ಹೊತ್ತವನಿದ್ದಾನೆ, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನಿದ್ದಾನೆ. ಯಲಬುರ್ಗಾದಿಂದ ಬಂದು ಕಲಬುರಗಿಯಲ್ಲೋ ಧಾರವಾಡದಲ್ಲೋ ಬಾಡಿಗೆ ಕೋಣೆಯಲ್ಲಿ ಓದುವ ಹಮಾಲಿಯ ಮಗ ಈ ಮೂವರಲ್ಲಿ ಯಾರಲ್ಲ? ಅಲ್ಲಾಹನ ಮಾರ್ಗದಲ್ಲಿರುವವರು ಎಂಬ ವಿಭಾಗಕ್ಕೆ ಹನಫೀ ಪಂಥದ ಕೆಲವು ಹಿರಿಯ ವಿದ್ವಾಂಸರು ವಿದ್ಯಾರ್ಥಿಯನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ದೀನೀ ವಿದ್ಯಾರ್ಥಿ ಎಂದು ಯಾರಾದರೂ ಆಕ್ಷೇಪಿಸಿಯಾರು. ಇರಲಿ. ಬಡವನೆಂಬ ಒಂದೇ ಕಾರಣಕ್ಕೂ ಆತ ಅರ್ಹನೇ. ಝಕಾತಿನ ಹಣ ಬಡವನ ಒಡೆತನಕ್ಕೆ ಬರಬೇಕೆಂಬ ಷರತ್ತೂ ಇಲ್ಲಿ ಸುಲಭವಾಗಿ ಈಡೇರುತ್ತದೆ. ಹಣವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟರೆ ಆಯಿತು.

ನಾವು ಮಾಡುತ್ತಿರುವುದೇನು? ರಮಝಾನಿನ ಇಪ್ಪತ್ತೇಳನೆಯ ರಾತ್ರಿ ನೂರು, ಇನ್ನೂರರ ನೋಟುಗಳನ್ನು ಸಾಲು ನಿಂತವರಿಗೆ ಹಂಚುತ್ತೇವೆ. ಸೀರೆ, ಕಿಟ್ಟುಗಳನ್ನು ಹಂಚುತ್ತೇವೆ. ಪಡೆದವನು ಮುಂದಿನ ರಮಝಾನಿನಲ್ಲೂ ಅದೇ ಸಾಲಿನಲ್ಲಿರುತ್ತಾನೆ. ಬದ್ರ್‌ನ ಕೈದಿಗಳಲ್ಲಿ ಹಣವಿಲ್ಲದ ಅಕ್ಷರಸ್ಥರಿಗೆ, ಹತ್ತು ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಮೊತ್ತವಾಗಿ ಪ್ರವಾದಿ(ಸ)ರವರು ನಿಗದಿಪಡಿಸಿದ್ದನ್ನು ನಮ್ಮ ಖತೀಬರು ವರ್ಷಕ್ಕೊಮ್ಮೆಯಾದರೂ ಮಿಂಬರಿನಿಂದ ಹೇಳುತ್ತಾರೆ. ಹೇಳಿ ಇಳಿದೊಡನೆ ಸಾಲುಗಳ ನಡುವೆ ಹಾಯ್ದು ಬರುವ ಡಬ್ಬಿ ಮಾತ್ರ ಮಿನಾರಿನ ಚಂದಾದ್ದು. ಮಿನಾರು ಎತ್ತರವಾಗಿದೆ. ಅದರ ನೆರಳಿನಲ್ಲಿರುವ ಮನೆಯ ಹುಡುಗ ಎಂ.ಎಸ್ಸಿ. ಸೀಟು ಬಿಟ್ಟು ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ.

‘ಹಾಗಾದರೆ ಸರಕಾರದ ಹೊಣೆಯನ್ನು ಝಕಾತಿನ ಮೇಲೆ ಹಾಕುತ್ತೀರಾ?’ ಎಂದು ಕೇಳುವವರಿದ್ದಾರೆ. ಇಲ್ಲ. ತೆರಿಗೆ ಕಟ್ಟುವವರು ನಾವು. ಸೋಪಿನಂತಹ ದಿನಬಳಕೆಗೆ ಕೊಳ್ಳುವ ವಸ್ತುಗಳ ಬೆಲೆಯಲ್ಲಿ ಪಂಕ್ಚರ್ ಅಂಗಡಿಯವನೂ ತೆರಿಗೆ ಕಟ್ಟುತ್ತಾನೆ. ಆತನ ಮಗಳ ಓದಿಗೆ ನೆರವಾಗುವುದು ಸರಕಾರದ ಔದಾರ್ಯವಲ್ಲ, ಬಾಕಿ. ಆದರೆ ತನ್ನ ಮಕ್ಕಳ ಓದಿಗೆ ತನ್ನ ಜೇಬಿನಿಂದ ಒಂದು ರೂಪಾಯಿ ತೆಗೆಯದ ಸಮುದಾಯ, ಸರಕಾರದ ಜೇಬಿನ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತನಾಡಿದರೂ ಆ ಮಾತಿಗೆ ತೂಕ ಬರುವುದಿಲ್ಲ.

ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿದೆ. ಯುವನಿಧಿಯ ನಿಯಮದಿಂದ ವ್ಯಾಸಂಗ ಮುಂದುವರಿಸುವವರನ್ನು ಹೊರಗಿಡುವ ಷರತ್ತನ್ನು ಕಿತ್ತುಹಾಕಬೇಕು. ಬಡ ಕುಟುಂಬದ, ಪೂರ್ಣಾವಧಿಯಲ್ಲಿ ಓದುವ ಸ್ನಾತಕೋತ್ತರ ವಿದ್ಯಾರ್ಥಿಗೆ ಆ ಮೂರು ಸಾವಿರ ಸಿಗಲಿ. ಆತ ಮನೆಯಲ್ಲಿ ಕೂತಿದ್ದರೂ ಆ ಹಣವನ್ನು ಕೊಡಬೇಕಿತ್ತಲ್ಲ? ಇದು ಮುಸ್ಲಿಮರಿಗಷ್ಟೇ ಕೇಳುವ ಬೇಡಿಕೆಯಲ್ಲ. ಕುಷ್ಟಗಿಯ ದಲಿತನ ಮಗನಿಗೂ ಕುರುಬರ ಮಗಳಿಗೂ ಅದು ಸಿಗಬೇಕು; ಅವರೊಂದಿಗೆ ನಿಂತು ಕೇಳಿದರೆ ಮಾತ್ರ ಸಿಗುತ್ತದೆ. ಎರಡನೆಯದಾಗಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂ. ಘೋಷಿಸಲಾಯಿತು. ರಸ್ತೆ, ಕಟ್ಟಡ, ಶಾಲಾ ಕೊಠಡಿಗಳೆಲ್ಲ ಬೇಕು. ಆದರೆ ಆ ಕೊಠಡಿಯಲ್ಲಿ ಪಾಠ ಹೇಳುವವನು ಈ ನೆಲದಲ್ಲೇ ತಯಾರಾಗಬೇಕಾದರೆ, ಮಂಡಳಿಯ ಹಣದಲ್ಲಿ ಒಂದು ಪಾಲನ್ನು ಈ ಜಿಲ್ಲೆಗಳ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್‌ಗೆ ತೆಗೆದಿಡಬೇಕು. ಕೇಂದ್ರದಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ ಮರಳಿ ಬರಲೇಬೇಕು. ಈ ವಿಷಯವನ್ನು ಕೊಪ್ಪಳದ ಸಂಸದರು ಲೋಕಸಭೆಯಲ್ಲಿ ಕೇಳುವಂತೆ ಮಾಡುವುದು ಅವರಿಗೆ ಮತ ಹಾಕಿದವರ ಮತ್ತು ಹಾಕದವರ ಕೆಲಸ.

ಜಮಾಅತ್‌ಗಳ ಮುಂದೆ ನಾವಿಡುವುದು ಒಂದೇ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪ್ರತಿಯೊಂದು ಮಸೀದಿಯೂ ಈ ವರ್ಷ ತನ್ನ ಮೊಹಲ್ಲಾದಲ್ಲಿ ಪದವಿ ಮುಗಿಸಿದವರ ಪಟ್ಟಿ ಮಾಡಲಿ. ಮೃತರ, ಮದುವೆಯ, ಚಂದಾದಾರರ ದಫ್ತರುಗಳು ನಮ್ಮಲ್ಲಿವೆ, ಪದವೀಧರರ ದಫ್ತರವಿಲ್ಲ. ಪಟ್ಟಿಯಲ್ಲಿ ಮುಂದೆ ಓದಬಯಸುವ ಒಬ್ಬರನ್ನಾದರೂ, ಸಾಧ್ಯವಿದ್ದರೆ ಓರ್ವ ಹುಡುಗಿಯನ್ನು, ಎರಡು ವರ್ಷದ ಮಟ್ಟಿಗೆ ಮೊಹಲ್ಲಾ ವಹಿಸಿಕೊಳ್ಳಲಿ. ಝಕಾತಿಗೆ ಅರ್ಹರಲ್ಲದವರಿಗೆ ಬಡ್ಡಿಯಿಲ್ಲದ ಕರ್ಝೆ ಹಸನಾ ಕೊಡಬಹುದು. ಮಸೀದಿಯ ಅಂಗಡಿಗಳ ಬಾಡಿಗೆಯನ್ನು ಇಂದಿನ ದರಕ್ಕೆ ಏರಿಸಿದರೆ ಆ ಹಣ ಸಾಕಾದೀತು. ಹಾಗೆ ಏರಿಸಿದಾಗ ಮೊದಲು ಸಿಡಿಮಿಡಿಗೊಳ್ಳುವವರು ಯಾರೆಂಬುದು ಓದುಗರಿಗೆ ಗೊತ್ತಿದೆ, ನಾವು ಹೇಳಬೇಕಾಗಿಲ್ಲ.

ಕುಷ್ಟಗಿಯ ಆ ಹುಡುಗಿ ಎಂ.ಎ.ಗೆ ಸೇರಿದ್ದಾಳೆ. ಮೊದಲ ವರ್ಷದ ಶುಲ್ಕವನ್ನು ನಾಲ್ಕು ಮಂದಿ ಸೇರಿ ಹೊಂದಿಸಿದೆವು. ಕೊಟ್ಟವರಲ್ಲಿ ಒಬ್ಬರು ತಮ್ಮ ಮಗನ ವಲೀಮಾದ ಊಟದಲ್ಲಿ ಒಂದು ಬಗೆಯನ್ನು ಕಡಿಮೆ ಮಾಡಿದ್ದರು. ಯುವನಿಧಿಗೆ ಆಕೆ ಅರ್ಜಿ ಹಾಕಲಿಲ್ಲ. ಎರಡನೇ ವರ್ಷದ ಹಣ ಇನ್ನೂ ಆಗಬೇಕಿದೆ.